ಯುದ್ಧದಲ್ಲಿ ಯಾರ ಕಡೆ? ದಕ್ಷಿಣ ಆಫ್ರಿಕದ ಅನುಭವ ನಮಗೆ ಕಲಿಸುವ ಪಾಠ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)





ಇಂತಹ ವೇದಿಕೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಆದರೆ ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದರ ಮಹತ್ವ ತಿಳಿದೇ ನಿಮ್ಮ ಹಿರಿಯರು ಈ ಸಂಘವನ್ನು ಕಟ್ಟಿದ್ದಾರೆ. ಆದ್ದರಿಂದ ಇಂದು ನಾನು ಇತಿಹಾಸದ ಒಂದು ಅಧ್ಯಾಯವನ್ನು ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ಇದಕ್ಕೆ ಕಾರಣ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ. ತರಗತಿಯಲ್ಲಿ ಎರಡನೇ ಮಹಾಯುದ್ಧದ ಪಾಠ ಮುಗಿದಿತ್ತು. ಹಿಂದಿನ ಬೆಂಚಿನಿಂದ ಎದ್ದು ನಿಂತ ಹುಡುಗ, "ಸರ್, ಯಾವ ದೇಶ ಯಾರ ಜೊತೆ ಸೇರಿ ಯುದ್ಧ ಮಾಡಿದರೆ ನಮಗೇನು? ಅದು ದೊಡ್ಡವರ ವಿದೇಶ ವ್ಯವಹಾರ. ಊರಿನಲ್ಲಿ ಅಂಗಡಿ ಇಟ್ಟುಕೊಂಡವನ ಬದುಕಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದ. ಪ್ರಶ್ನೆ ಚೆನ್ನಾಗಿತ್ತು. ಉತ್ತರ ಕೊಡಲು ಆ ದಿನ ಸಮಯ ಸಾಕಾಗಲಿಲ್ಲ. ಆ ಉತ್ತರವನ್ನು ಇಂದು ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ.

ಒಡೆದ ಮನೆಯೊಂದು ಯುದ್ಧಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅಲ್ಲಿಯ ವರ್ಣಭೇದ ನೀತಿಯ ಬಗ್ಗೆ ನೀವೆಲ್ಲ ಓದಿದ್ದೀರಿ. ನೆಲ್ಸನ್ ಮಂಡೇಲಾ ಅವರ ಹೆಸರು ನಿಮಗೆ ಗೊತ್ತು. ಆದರೆ ಆ ನೀತಿಯನ್ನು ತಂದ ಪಕ್ಷ ಅಧಿಕಾರಕ್ಕೆ ಬಂದದ್ದು ಹೇಗೆ? ಆ ದಾರಿಯಲ್ಲಿ ಎರಡು ಮುಖ್ಯ ತಿರುವುಗಳಿವೆ. ಒಂದು 1914ರದು, ಇನ್ನೊಂದು 1939ರದು. ಎರಡು ಸಲವೂ ಆ ದೇಶದ ಮುಂದೆ ಇದ್ದ ಪ್ರಶ್ನೆ ಒಂದೇ: ಯುದ್ಧದಲ್ಲಿ ನಾವು ಯಾರ ಕಡೆ?

ಸೋತವರ ನೆನಪು

ಮೊದಲು ಮನೆ ಒಡೆದದ್ದು ಹೇಗೆ ಎಂದು ನೋಡೋಣ. ದಕ್ಷಿಣ ಆಫ್ರಿಕದ ಬಿಳಿಯರಲ್ಲಿ ಎರಡು ಪಂಗಡಗಳಿದ್ದವು. ಡಚ್ ಮೂಲದ ರೈತಾಪಿ ಜನರಾದ ಬೋಯರರು ಒಂದು ಕಡೆ, ಇಂಗ್ಲಿಷರು ಇನ್ನೊಂದು ಕಡೆ. 1899ರಿಂದ 1902ರವರೆಗೆ ಬ್ರಿಟಿಷರಿಗೂ ಬೋಯರರ ಎರಡು ಗಣರಾಜ್ಯಗಳಿಗೂ ಘೋರ ಯುದ್ಧ ನಡೆಯಿತು. ಬ್ರಿಟಿಷ್ ಸೇನೆ ಬೋಯರರ ಹೊಲಮನೆಗಳನ್ನು ಸುಟ್ಟು, ಹೆಂಗಸರನ್ನೂ ಮಕ್ಕಳನ್ನೂ ಶಿಬಿರಗಳಲ್ಲಿ ಕೂಡಿಹಾಕಿತು. ರೋಗ ಮತ್ತು ಹಸಿವಿನಿಂದ ಆ ಶಿಬಿರಗಳಲ್ಲಿ 25,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಕಪ್ಪು ಜನರನ್ನು ಕೂಡಿಹಾಕಿದ ಬೇರೆ ಶಿಬಿರಗಳೂ ಇದ್ದವು. ಅಲ್ಲಿಯೂ ಸಾವಿರಾರು ಜನ ಸತ್ತರು, ಆದರೆ ಅವರ ಲೆಕ್ಕವನ್ನು ಸರಿಯಾಗಿ ಇಟ್ಟವರೇ ಇರಲಿಲ್ಲ. ಈ ಮಾತನ್ನು ನೆನಪಿಡಿ. ಯಾರ ಸಾವು ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದರಲ್ಲೇ ಈ ಕಥೆಯ ಅರ್ಧ ಅಡಗಿದೆ.

1902ರ ಮೇ 31ರಂದು ಸಂಧಿಯಾಯಿತು. ಸೋತ ಬೋಯರರನ್ನು ಸಮಾಧಾನಪಡಿಸಲು ಬ್ರಿಟಿಷರು, ಕಪ್ಪು ಜನರ ಮತದಾನದ ಹಕ್ಕಿನ ಪ್ರಶ್ನೆಯನ್ನು ಬೋಯರರಿಗೆ ಸ್ವಯಂ ಆಡಳಿತ ಸಿಗುವವರೆಗೆ ಮುಂದೂಡಲು ಒಪ್ಪಿಕೊಂಡರು. ಅಂದರೆ ಆ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರವನ್ನು ಬೋಯರರ ಕೈಗೇ ಕೊಟ್ಟಂತಾಯಿತು. 1910ರಲ್ಲಿ ನಾಲ್ಕು ಪ್ರಾಂತಗಳು ಸೇರಿ ದಕ್ಷಿಣ ಆಫ್ರಿಕ ಒಕ್ಕೂಟವಾದಾಗ ಯುರೋಪಿಯನ್ ವಂಶದವರು ಮಾತ್ರ ಪಾರ್ಲಿಮೆಂಟಿನ ಸದಸ್ಯರಾಗಬಹುದು ಎಂದು ಸಂವಿಧಾನದಲ್ಲೇ ಬರೆಯಲಾಯಿತು. ಇಬ್ಬರು ಬಿಳಿಯರ ರಾಜಿಗೆ ಮೂರನೆಯವನು ಬೆಲೆ ತೆತ್ತ.

ಭಾರತೀಯರ ಅನುಭವವೂ ಬೇರೆಯಾಗಿರಲಿಲ್ಲ. ಬೋಯರ್ ಯುದ್ಧದ ಸಮಯದಲ್ಲಿ ಗಾಂಧೀಜಿಯವರು ಭಾರತೀಯರ ಆಂಬ್ಯುಲೆನ್ಸ್ ದಳ ಕಟ್ಟಿ ಬ್ರಿಟಿಷ್ ಗಾಯಾಳುಗಳನ್ನು ಹೊತ್ತರು. ನಿಷ್ಠೆ ತೋರಿಸಿದರೆ ಹಕ್ಕು ಸಿಗುತ್ತದೆ ಎಂಬುದು ಅವರ ಅಂದಿನ ನಂಬಿಕೆ. ಯುದ್ಧ ಗೆದ್ದ ಮೇಲೆ ಬ್ರಿಟಿಷರ ಆಳ್ವಿಕೆಗೆ ಬಂದ ಟ್ರಾನ್ಸ್‌ವಾಲಿನಲ್ಲಿಯೇ ಭಾರತೀಯರು ಬೆರಳಚ್ಚು ಒತ್ತಿ ನೋಂದಣಿ ಮಾಡಿಸಬೇಕೆಂಬ ಅವಮಾನಕಾರಿ ಕಾನೂನು ಬಂತು. ಅದರ ವಿರುದ್ಧ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ನಡೆದ ಸಭೆಯಲ್ಲಿ ದೇವರನ್ನು ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡೋಣ ಎಂದು ಮುಂದೆ ಬಂದವರು ಹಾಜಿ ಹಬೀಬ್. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಬಳಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟರು. ಸತ್ಯಾಗ್ರಹ ಎಂಬ ಪದ ಹುಟ್ಟಿದ್ದು ಈ ಹೋರಾಟದಲ್ಲಿ.

ಮೊದಲ ಪರೀಕ್ಷೆ: 1914

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಬ್ರಿಟನ್ ಯುದ್ಧ ಸಾರಿದೊಡನೆ ಸಾಮ್ರಾಜ್ಯದ ಭಾಗವಾದ ದಕ್ಷಿಣ ಆಫ್ರಿಕವೂ ಕಾನೂನಿನ ಪ್ರಕಾರ ಯುದ್ಧದಲ್ಲಿತ್ತು. ಆದರೆ ಎಷ್ಟರ ಮಟ್ಟಿಗೆ ಭಾಗವಹಿಸಬೇಕೆಂಬುದು ಅಲ್ಲಿಯ ಸರಕಾರಕ್ಕೆ ಬಿಟ್ಟ ವಿಷಯ. ಪಕ್ಕದಲ್ಲೇ ಇದ್ದ ಜರ್ಮನ್ ನೈಋತ್ಯ ಆಫ್ರಿಕವನ್ನು, ಅಂದರೆ ಇಂದಿನ ನಮೀಬಿಯಾವನ್ನು, ಆಕ್ರಮಿಸಿಕೊಡಿ ಎಂದು ಲಂಡನ್ ಕೇಳಿತು. ಪ್ರಧಾನಿ ಲೂಯಿ ಬೋಥಾ ಒಪ್ಪಿಕೊಂಡರು. ಬೋಥಾ ಅವರೂ ಬೋಯರರೇ, ಹನ್ನೆರಡು ವರ್ಷಗಳ ಹಿಂದೆ ಬ್ರಿಟಿಷರ ವಿರುದ್ಧ ಹೋರಾಡಿದ ಸೇನಾಪತಿಯೇ. ಅವರ ಬಲಗೈಯಾಗಿದ್ದ ಯಾನ್ ಸ್ಮಟ್ಸ್ ಕೂಡ ಹಾಗೆಯೇ.

ಬೋಯರ್ ರೈತನಿಗೆ ಇದು ಹೇಗೆ ಕಂಡಿರಬಹುದು ಎಂದು ಯೋಚಿಸಿ. ಶಿಬಿರದಲ್ಲಿ ತನ್ನ ಮಗುವನ್ನು ಕಳೆದುಕೊಂಡವನಿಗೆ, ಆ ಶಿಬಿರ ಕಟ್ಟಿದವರ ಪರವಾಗಿ ಬಂದೂಕು ಹಿಡಿ ಎಂದು ಅವನದೇ ಜನರ ನಾಯಕ ಹೇಳುತ್ತಿದ್ದಾನೆ. ಸೇನೆಯ ಮುಖ್ಯಸ್ಥ ಜನರಲ್ ಬೇಯರ್ಸ್ ಸೆಪ್ಟೆಂಬರ್ 15ರಂದು ರಾಜೀನಾಮೆ ಕೊಟ್ಟರು. ಅದೇ ರಾತ್ರಿ ಅವರ ಜೊತೆ ಕಾರಿನಲ್ಲಿ ಹೋಗುತ್ತಿದ್ದ ಹಿರಿಯ ಸೇನಾನಿ ದೆ ಲಾ ರೇ, ದರೋಡೆಕೋರರನ್ನು ಹಿಡಿಯಲು ಹಾಕಿದ್ದ ಪೊಲೀಸ್ ತಡೆಯಲ್ಲಿ ಕಾರು ನಿಲ್ಲದಿದ್ದಾಗ ಹಾರಿದ ಗುಂಡಿಗೆ ಬಲಿಯಾದರು. ಅದು ಆಕಸ್ಮಿಕ ಎಂದು ಸರಕಾರ ಹೇಳಿತು, ಕೊಲೆ ಎಂದು ಅನೇಕ ಬೋಯರರು ನಂಬಿದರು. ಅಕ್ಟೋಬರ್‌ನಲ್ಲಿ ದಂಗೆ ಎದ್ದಿತು. ಹತ್ತು ಸಾವಿರಕ್ಕೂ ಹೆಚ್ಚು ಬೋಯರರು ಸರಕಾರದ ವಿರುದ್ಧ ಕುದುರೆಯೇರಿ ಹೊರಟರು. ಬೋಥಾ ಅದನ್ನು ಮುಖ್ಯವಾಗಿ ಬೋಯರ್ ಸೈನಿಕರಿಂದಲೇ ಅಡಗಿಸಿದರು. ಕೆಲವು ಮನೆಗಳಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಸೇನೆಯ ಹುದ್ದೆಗೆ ರಾಜೀನಾಮೆ ಕೊಡದೆಯೇ ದಂಗೆ ಸೇರಿದ್ದ ಯೋಪಿ ಫೂರಿ ಎಂಬ ಅಧಿಕಾರಿಯನ್ನು ಡಿಸೆಂಬರ್ 20ರಂದು ಗುಂಡಿಕ್ಕಿ ಕೊಂದರು.

ದಂಗೆ ಕೆಲವೇ ತಿಂಗಳಲ್ಲಿ ಮುಗಿಯಿತು, ಆದರೆ ಅದರ ರಾಜಕೀಯ ಅಲ್ಲಿಂದಲೇ ಆರಂಭವಾಯಿತು. ಬೋಥಾ ಅವರ ಕ್ಯಾಬಿನೆಟ್ಟಿನಿಂದ ಹೊರಬಿದ್ದಿದ್ದ ಹರ್ಟ್‌ಜೋಗ್ 1914ರ ಜನವರಿಯಲ್ಲಿ ನ್ಯಾಷನಲ್ ಪಾರ್ಟಿಯನ್ನು ಕಟ್ಟಿದ್ದರು. ಹೊಸ ಪುಟ್ಟ ಪಕ್ಷವಾಗಿದ್ದ ಅದು 1915ರ ಚುನಾವಣೆಯಲ್ಲಿ 27 ಸ್ಥಾನ ಗೆದ್ದಿತು. ಡಿ.ಎಫ್. ಮಲಾನ್ ಎಂಬ ಪಾದ್ರಿ ಚರ್ಚಿನ ಕೆಲಸ ಬಿಟ್ಟು, ಅದೇ ವರ್ಷ ಆರಂಭವಾದ 'ಡಿ ಬರ್ಗರ್' ಪತ್ರಿಕೆಯ ಸಂಪಾದಕರಾದರು.

ಶಿಕ್ಷಣ ಸಂಘದ ಸದಸ್ಯರಾದ ನೀವು ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕಾದ ವಿಷಯವೊಂದಿದೆ. ದಂಗೆಕೋರರ ಮೇಲೆ ಬಿದ್ದ ದಂಡವನ್ನು ಕಟ್ಟಲು ಬೋಯರರು 'ಹೆಲ್ಪ್‌ಮೆಕಾರ್' ಎಂಬ ನಿಧಿ ಕೂಡಿಸಿದರು. ಆ ಹೆಸರಿನ ಅರ್ಥ 'ಒಬ್ಬರಿಗೊಬ್ಬರು ಸಹಾಯ'. ಬಡವರೂ ತಮ್ಮ ಕೈಲಾದಷ್ಟು ಕೊಟ್ಟರು. ದಂಡ ಕಟ್ಟಿ ಉಳಿದ ಹಣ ಬೋಯರ್ ವಿದ್ಯಾರ್ಥಿಗಳ ಓದಿಗೆ ಹೋಯಿತು. ಅದೇ ಹುರುಪಿನಲ್ಲಿ 1918ರಲ್ಲಿ ಅವರದೇ ವಿಮಾ ಕಂಪೆನಿಗಳು ಹುಟ್ಟಿಕೊಂಡವು. ಹೀಗೆ ಒಂದು ಯುದ್ಧ ನಿರ್ಧಾರದಿಂದ ಗಾಯಗೊಂಡ ಸಮುದಾಯ ಪಕ್ಷ, ಪತ್ರಿಕೆ, ವಿದ್ಯಾರ್ಥಿವೇತನ, ವಿಮಾ ಕಂಪೆನಿ ಎಲ್ಲವನ್ನೂ ಕಟ್ಟಿಕೊಂಡಿತು. ಈ ಮಾತಿಗೆ ನಾನು ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇನ್ನು ಮತವಿಲ್ಲದವರ ಸ್ಥಿತಿ ಏನಾಯಿತು? 1913ರ ಭೂ ಕಾನೂನು ಕಪ್ಪು ಜನರಿಗೆ ದೇಶದ ಭೂಮಿಯಲ್ಲಿ ಶೇ. 7ರಷ್ಟನ್ನು ಮಾತ್ರ ಮೀಸಲಿಟ್ಟಿತ್ತು. ಅದರ ವಿರುದ್ಧ ದೂರು ಒಯ್ದಿದ್ದ ಅವರ ಕಾಂಗ್ರೆಸ್ಸು ಯುದ್ಧ ಆರಂಭವಾದಾಗ ಚಳವಳಿ ನಿಲ್ಲಿಸಿ ನಿಷ್ಠೆ ಘೋಷಿಸಿತು. ಅವರ ಯುವಕರನ್ನು ಫ್ರಾನ್ಸಿಗೆ ಕಳುಹಿಸಿದರು, ಆದರೆ ಕೂಲಿಗಳಾಗಿ, ಬಂದೂಕು ಕೊಡಲಿಲ್ಲ. 1917ರ ಫೆಬ್ರವರಿ 21ರಂದು 'ಮೆಂಡಿ' ಎಂಬ ಹಡಗು ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ ಅವರಲ್ಲಿ 600ಕ್ಕೂ ಹೆಚ್ಚು ಜನ ಸಮುದ್ರದ ಪಾಲಾದರು.

ಕೇಪ್‌ಟೌನಿನ ಡಾ. ಅಬ್ದುಲ್ಲಾ ಅಬ್ದುರ್‌ರಹಮಾನ್ ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಗುಲಾಮರಾಗಿದ್ದವರ ಮೊಮ್ಮಗ. ಗ್ಲಾಸ್ಗೋದಲ್ಲಿ ವೈದ್ಯ ಪದವಿ ಪಡೆದು ಬಂದರು. 1904ರಲ್ಲಿ ನಗರಸಭೆಗೆ ಆಯ್ಕೆಯಾದರು. 1913ರಲ್ಲಿ ಮುಸ್ಲಿಂ ಮಕ್ಕಳಿಗಾಗಿ ರಹ್ಮಾನಿಯಾ ಶಾಲೆ ಆರಂಭವಾಗಲು ಕಾರಣರಾದರು. ಅವರೂ ಯುದ್ಧದಲ್ಲಿ ಸರಕಾರವನ್ನು ಬೆಂಬಲಿಸಿದರು. ಮಿಶ್ರ ಜನಾಂಗದ ಯುವಕರು ಕೇಪ್ ದಳ ಸೇರಿ ಹೋರಾಡಿದರು. ಯುದ್ಧದ ನಂತರ ಹಕ್ಕುಗಳು ಹೆಚ್ಚಲಿಲ್ಲ. 1940ರಲ್ಲಿ ತೀರಿಕೊಳ್ಳುವವರೆಗೂ ಅವರು ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು.

ಎರಡನೆಯ ಪರೀಕ್ಷೆ: 1939

1924ರಲ್ಲಿ ಹರ್ಟ್‌ಜೋಗ್ ಪ್ರಧಾನಿಯಾದರು. ಹತ್ತು ವರ್ಷಗಳ ನಂತರ, ಆರ್ಥಿಕ ಮುಗ್ಗಟ್ಟಿನ ಒತ್ತಡದಲ್ಲಿ, ಹಳೆಯ ಎದುರಾಳಿ ಸ್ಮಟ್ಸ್ ಜೊತೆ ಕೈಜೋಡಿಸಿ ಯುನೈಟೆಡ್ ಪಾರ್ಟಿಯನ್ನು ಕಟ್ಟಿದರು. ಬೋಯರ್ ಮತ್ತು ಇಂಗ್ಲಿಷ್ ಭೇದ ಅಳಿಸುವುದು ಅದರ ಗುರಿ. ಇದನ್ನು ಒಪ್ಪದ ಮಲಾನ್ ಸಣ್ಣ ಗುಂಪಿನೊಂದಿಗೆ ಹೊರಗೆ ಉಳಿದರು. ಆದರೆ ಈ ಒಗ್ಗಟ್ಟಿನ ಬುಡದಲ್ಲೂ ಅನ್ಯಾಯವಿತ್ತು. 1936ರಲ್ಲಿ ಇದೇ ಸರಕಾರ ಕೇಪ್ ಪ್ರಾಂತದ ಕಪ್ಪು ಜನರನ್ನು ಸಾಮಾನ್ಯ ಮತದಾರರ ಪಟ್ಟಿಯಿಂದ ತೆಗೆದುಹಾಕಿತು. ಇನ್ನೊಂದು ಪ್ರಶ್ನೆಯನ್ನೂ ಆ ಪಕ್ಷ ಬಗೆಹರಿಸದೆ ಹಾಗೆಯೇ ಬಿಟ್ಟಿತ್ತು: ಬ್ರಿಟನ್ ಯುದ್ಧಕ್ಕೆ ಹೋದರೆ ನಾವೇನು ಮಾಡಬೇಕು?

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಷ್ಟರಲ್ಲಿ ದಕ್ಷಿಣ ಆಫ್ರಿಕಕ್ಕೆ ತನ್ನ ನಿರ್ಧಾರವನ್ನು ತಾನೇ ಮಾಡಿಕೊಳ್ಳುವ ಹಕ್ಕು ಬಂದಿತ್ತು. ಕ್ಯಾಬಿನೆಟ್ ಎರಡು ಹೋಳಾಯಿತು. ಹರ್ಟ್‌ಜೋಗ್ ಸೇರಿ ಆರು ಮಂದಿ ತಟಸ್ಥರಾಗಿರಬೇಕೆಂದರು, ಸ್ಮಟ್ಸ್ ಸೇರಿ ಏಳು ಮಂದಿ ಯುದ್ಧ ಸೇರಬೇಕೆಂದರು. ಮರುದಿನ ವಿಷಯ ಪಾರ್ಲಿಮೆಂಟಿಗೆ ಬಂತು. ಸಂಬಂಧವಿಲ್ಲದ ಯುದ್ಧಕ್ಕೆ ಬ್ರಿಟನ್ನಿನ ಬಾಲ ಹಿಡಿದು ಹೋದರೆ ನಮ್ಮ ಸ್ವಾತಂತ್ರ್ಯಕ್ಕೆ ಅರ್ಥವೇನು ಎಂಬುದು ಹರ್ಟ್‌ಜೋಗ್ ಅವರ ವಾದ. ಈ ವಾದದಲ್ಲಿ ಹುರುಳಿತ್ತು. ಆದರೆ ಅವರು ಅಷ್ಟಕ್ಕೆ ನಿಲ್ಲದೆ ಹಿಟ್ಲರನ ನಡೆಯನ್ನು ಸಮರ್ಥಿಸುವಂತೆ ಮಾತಾಡಿದರು. ಹಿಟ್ಲರ್ ಇಡೀ ಲೋಕಕ್ಕೆ ಅಪಾಯ, ಇಂದು ದೂರ ನಿಂತರೆ ನಾಳೆ ನಮ್ಮ ಬಾಗಿಲಿಗೂ ಬರುತ್ತಾನೆ ಎಂಬುದು ಸ್ಮಟ್ಸ್ ಅವರ ವಾದದ ತಿರುಳು.

ಮತ ಎಣಿಸಿದಾಗ ಯುದ್ಧದ ಪರ 80, ತಟಸ್ಥತೆಯ ಪರ 67. ಏಳು ಜನ ಆಚೆ ಹೋಗಿದ್ದರೆ ಫಲಿತಾಂಶವೇ ತಲೆಕೆಳಗಾಗುತ್ತಿತ್ತು. ಚುನಾವಣೆ ನಡೆಸಿ ಜನರ ಅಭಿಪ್ರಾಯ ಕೇಳೋಣ ಎಂದು ಹರ್ಟ್‌ಜೋಗ್ ಗವರ್ನರ್ ಜನರಲ್ ಪ್ಯಾಟ್ರಿಕ್ ಡಂಕನ್ ಅವರನ್ನು ಕೇಳಿಕೊಂಡರು. ಡಂಕನ್ ಒಪ್ಪಲಿಲ್ಲ. ಹರ್ಟ್‌ಜೋಗ್ ರಾಜೀನಾಮೆ ಕೊಟ್ಟರು, ಸ್ಮಟ್ಸ್ ಪ್ರಧಾನಿಯಾದರು, ಸೆಪ್ಟೆಂಬರ್ 6ರಂದು ದೇಶ ಯುದ್ಧಕ್ಕಿಳಿಯಿತು. ಆಗ ಆ ದೇಶದ ಜನಸಂಖ್ಯೆ ಒಂದು ಕೋಟಿಯ ಹತ್ತಿರ. ಅವರಲ್ಲಿ ಬಿಳಿಯರು ಸುಮಾರು 20 ಲಕ್ಷ. ಕೈ ಎತ್ತಿದ 147 ಮಂದಿಯಲ್ಲಿ ಬಿಳಿಯರಲ್ಲದವರು ಒಬ್ಬರೂ ಇರಲಿಲ್ಲ.

ಇದೇ ವಾರ ನಮ್ಮ ದೇಶದಲ್ಲಿ ಏನಾಯಿತು ಎಂಬುದನ್ನೂ ನೆನಪಿಸಿಕೊಳ್ಳಿ. ಇಲ್ಲಿ ಮತದಾನವೇ ನಡೆಯಲಿಲ್ಲ. ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಇದ್ದ ಮದ್ರಾಸ್ ಪ್ರಾಂತದಲ್ಲೂ, ಧಾರವಾಡ, ಬಿಜಾಪುರ ಇದ್ದ ಮುಂಬಯಿ ಪ್ರಾಂತದಲ್ಲೂ ಚುನಾಯಿತ ಸರಕಾರ ಹೋಗಿ ಗವರ್ನರ್ ಆಳ್ವಿಕೆ ಬಂತು. ಕಾಂಗ್ರೆಸ್ ಅಧಿಕಾರದಿಂದ ಹೊರಗಿದ್ದ ಆ ವರ್ಷಗಳಲ್ಲಿ ಮುಸ್ಲಿಂ ಲೀಗ್ ಬಲವಾಗಿ ಬೆಳೆಯಿತು. ಮುಂದೆ ಏನಾಯಿತು ಎಂಬುದು ನಿಮಗೆ ಗೊತ್ತಿದೆ. ಯುದ್ಧದ ನಿರ್ಧಾರ ಅಂಗಡಿಯವನ ಬದುಕಿಗೆ ಸಂಬಂಧಿಸಿದ್ದಲ್ಲ ಎಂದು ನಾವಂತೂ ಹೇಳುವ ಹಾಗಿಲ್ಲ.

ಯುದ್ಧ ಗೆದ್ದರು, ಚುನಾವಣೆ ಸೋತರು

ದೇಶ ಒಡೆದಿರುವುದು ಸ್ಮಟ್ಸ್ ಅವರಿಗೆ ಗೊತ್ತಿತ್ತು. ಆದ್ದರಿಂದ ಕಡ್ಡಾಯ ಸೇನಾಸೇವೆ ಜಾರಿಗೆ ತರಲಿಲ್ಲ. ಸ್ವಯಂಸೇವಕರನ್ನು ಮಾತ್ರ ತೆಗೆದುಕೊಂಡರು. ಗಡಿಯಾಚೆ ಹೋರಾಡಲು ಒಪ್ಪಿ ಪ್ರಮಾಣ ಮಾಡಿದವರು ಹೆಗಲ ಮೇಲೆ ಕೆಂಪು ಪಟ್ಟಿ ಧರಿಸುತ್ತಿದ್ದರು. ಯುದ್ಧ ವಿರೋಧಿಗಳು ಅದನ್ನು 'ಕೆಂಪು ಹೇನು' ಎಂದು ಹಂಗಿಸುತ್ತಿದ್ದರು. ನೋಡಿ, ಒಂದು ಅಂಗುಲದ ಬಟ್ಟೆಯ ತುಂಡು ಬೀದಿಯಲ್ಲಿ ಯಾರು ಯಾವ ಪಕ್ಷ ಎಂದು ಸಾರುತ್ತಿತ್ತು.

ವಿರೋಧಿಗಳಲ್ಲಿಯೂ ಎರಡು ದಾರಿಗಳಿದ್ದವು. ಒಂದು, 1939ರ ಆರಂಭದಲ್ಲಿ ಹುಟ್ಟಿದ್ದ ಒಸ್ಸೆವಾಬ್ರಾಂಡ್‌ವಾಗ್ ಸಂಘಟನೆಯದು. ಅದು ನಾತ್ಸಿಗಳನ್ನು ಮೆಚ್ಚುತ್ತಿತ್ತು. ಅದರ ಒಂದು ದಳ ವಿಧ್ವಂಸಕ ಕೃತ್ಯಗಳಿಗೂ ಇಳಿಯಿತು. ಸರಕಾರ ಅವರಲ್ಲಿ ಅನೇಕರನ್ನು ಬಂಧನ ಶಿಬಿರದಲ್ಲಿ ಇಟ್ಟಿತು. ಹಾಗೆ ಬಂಧನದಲ್ಲಿದ್ದ ಜಾನ್ ಫಾರ್ಸ್ಟರ್ ಎಂಬ ಯುವ ವಕೀಲ 1966ರಲ್ಲಿ ಆ ದೇಶದ ಪ್ರಧಾನಿಯೇ ಆದ. ಇನ್ನೊಂದು, ಮಲಾನ್ ಅವರ ದಾರಿ. ಅವರು ಬಾಂಬಿನ ದಾರಿಯಿಂದ ದೂರ ನಿಂತು ಮತಪೆಟ್ಟಿಗೆಯನ್ನು ನೆಚ್ಚಿಕೊಂಡರು. ಹರ್ಟ್‌ಜೋಗ್ 1940ರಲ್ಲಿ ಮಲಾನ್ ಜೊತೆ ಸೇರಿದರೂ ಅಲ್ಲಿ ಉಳಿಯಲಾಗಲಿಲ್ಲ. ಇಂಗ್ಲಿಷರಿಗೂ ಸಮಾನ ಹಕ್ಕು ಇರಬೇಕೆಂಬ ಅವರ ಮಾತನ್ನು ಹೊಸ ತಲೆಮಾರು ಕೇಳಲಿಲ್ಲ. ವರ್ಷ ಮುಗಿಯುವುದರೊಳಗೆ ಹೊರಬಂದು, 1942ರಲ್ಲಿ ತೀರಿಕೊಂಡರು. ಮಧ್ಯದಲ್ಲಿ ನಿಂತವನನ್ನು ಯುದ್ಧ ಮೊದಲು ನುಂಗುತ್ತದೆ. 1943ರ ಚುನಾವಣೆಯಲ್ಲಿ ಸ್ಮಟ್ಸ್ ಭಾರಿ ಬಹುಮತದಿಂದ ಗೆದ್ದರು. ಆದರೆ ಮಲಾನ್ 43 ಸ್ಥಾನ ಗಳಿಸಿ ಬೋಯರರ ಏಕೈಕ ನಾಯಕರಾಗಿ ನಿಂತರು.

ಈ ಯುದ್ಧಕ್ಕೆ ದಕ್ಷಿಣ ಆಫ್ರಿಕದಿಂದ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅವರಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಕಪ್ಪು ಜನರು, ಮಿಶ್ರ ಜನಾಂಗದವರು ಮತ್ತು ಭಾರತೀಯರು. ಅವರಲ್ಲಿ ಬಹುತೇಕರ ಕೈಗೆ ಬಂದೂಕು ಕೊಡಲಿಲ್ಲ. 1942ರಲ್ಲಿ ಟೊಬ್ರೂಕ್ ಪತನವಾದಾಗ ಸೆರೆಸಿಕ್ಕ ಜೋಬ್ ಮಸೆಕೋ ಎಂಬ ಕಪ್ಪು ಸೈನಿಕ, ಹಾಲಿನ ಡಬ್ಬಿಯಲ್ಲಿ ಮದ್ದು ತುಂಬಿ ಬಂದರಿನಲ್ಲಿದ್ದ ಶತ್ರುಗಳ ಹಡಗನ್ನು ಮುಳುಗಿಸಿದ. ಮಿಲಿಟರಿ ಪದಕ ಸಿಕ್ಕಿತು, ಮತದಾನದ ಹಕ್ಕು ಸಿಗಲಿಲ್ಲ.

ಯುದ್ಧಕಾಲದ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು. ಹಳ್ಳಿಗಳಿಂದ ಕಪ್ಪು ಜನರು ನಗರಗಳಿಗೆ ಬಂದರು. ಸ್ವಲ್ಪ ಕಾಲ ಪಾಸ್ ಕಾನೂನನ್ನೂ ಸಡಿಲಿಸಲಾಯಿತು. ಹಿಟ್ಲರನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಟ ಎಂದು ಸರಕಾರವೇ ಸಾರುತ್ತಿದ್ದಾಗ, ಆ ಸ್ವಾತಂತ್ರ್ಯ ನಮಗೂ ಬೇಕು ಎಂದು ಅವರು ಕೇಳಿದ್ದು ಸಹಜ. 1943ರ ಕೊನೆಯಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ತನ್ನ ಬೇಡಿಕೆಗಳ ಪಟ್ಟಿಯನ್ನೇ ಸಿದ್ಧಪಡಿಸಿತು. 1944ರಲ್ಲಿ ಮಂಡೇಲಾ, ಸಿಸುಲು, ಟಾಂಬೋ ಮೊದಲಾದ ಯುವಕರು ಅದರ ಯುವ ಸಂಘವನ್ನು ಕಟ್ಟಿದರು. 1946ರಲ್ಲಿ ಚಿನ್ನದ ಗಣಿಗಳ ಕಪ್ಪು ಕಾರ್ಮಿಕರು ಮುಷ್ಕರ ಹೂಡಿದಾಗ ಸ್ಮಟ್ಸ್ ಸರಕಾರ ಪೊಲೀಸರನ್ನು ಕಳುಹಿಸಿತು.

ಅದೇ ವರ್ಷ ಭಾರತೀಯರು ಎಲ್ಲಿ ಭೂಮಿ ಕೊಳ್ಳಬಹುದು ಎಂಬುದನ್ನು ನಿರ್ಬಂಧಿಸುವ ಕಾನೂನನ್ನೂ ಸ್ಮಟ್ಸ್ ತಂದರು. ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯನ್ನು ರೂಪಿಸಲು ನೆರವಾಗಿದ್ದವರು ಇದೇ ಸ್ಮಟ್ಸ್. ಭಾರತ ಈ ಅನ್ಯಾಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ವಿಜಯಲಕ್ಷ್ಮಿ ಪಂಡಿತ್ ಅವರ ನೇತೃತ್ವದ ನಿಯೋಗ ಅಲ್ಲಿ ವಾದ ಮಂಡಿಸಿ 1946ರ ಡಿಸೆಂಬರ್‌ನಲ್ಲಿ ಗೆದ್ದಿತು.

ಮಲಾನ್ ಈ ಎಲ್ಲವನ್ನೂ ಬಿಳಿಯರ ಭಯವನ್ನಾಗಿ ಮಾರ್ಪಡಿಸಿದರು. ನಗರಗಳು ಕಪ್ಪಾಗುತ್ತಿವೆ, ಸ್ಮಟ್ಸ್ ಅವರಿಗೆ ಲಂಡನ್, ನ್ಯೂಯಾರ್ಕ್ ಮುಖ್ಯ, ನೀವು ಮುಖ್ಯರಲ್ಲ ಎಂದರು. ಯುದ್ಧಾನಂತರದ ಮನೆಗಳ ಕೊರತೆ, ಆಹಾರದ ಕೊರತೆ ಇದಕ್ಕೆ ಸೇರಿಕೊಂಡವು. 1948ರ ಮೇ 26ರ ಚುನಾವಣೆಯಲ್ಲಿ ಮಲಾನ್ ಮತ್ತು ಅವರ ಮಿತ್ರಪಕ್ಷ 153ರಲ್ಲಿ 79 ಸ್ಥಾನ ಗೆದ್ದವು. ಒಟ್ಟು ಮತಗಳಲ್ಲಿ ಸ್ಮಟ್ಸ್ ಅವರ ಪಕ್ಷವೇ ಮುಂದಿತ್ತು. ಆದರೆ ಹಳ್ಳಿಯ ಕ್ಷೇತ್ರಗಳಲ್ಲಿ ಕಡಿಮೆ ಮತದಾರರಿಗೆ ಒಂದು ಸ್ಥಾನ ಎಂಬ ಹಳೆಯ ವ್ಯವಸ್ಥೆ ಮಲಾನ್ ಅವರ ನೆರವಿಗೆ ಬಂತು. ಸ್ಮಟ್ಸ್ ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಎರಡು ಮಹಾಯುದ್ಧ ಗೆದ್ದವರು ತಮ್ಮ ಊರಿನಲ್ಲಿ ಸೋತರು.

ಮುಂದಿನದು ನಿಮಗೆ ಗೊತ್ತು. 1950ರಲ್ಲಿ ಜನಾಂಗವಾರು ನೋಂದಣಿ ಕಾನೂನು, ಜನಾಂಗಕ್ಕೊಂದು ಬಡಾವಣೆ ಎಂಬ ಕಾನೂನು. 1956ರಲ್ಲಿ ಮಿಶ್ರ ಜನಾಂಗದವರ ಹೆಸರೂ ಸಾಮಾನ್ಯ ಮತದಾರರ ಪಟ್ಟಿಯಿಂದ ಹೋಯಿತು. ಡಾ. ಅಬ್ದುರ್‌ರಹಮಾನ್ ಜೀವನವಿಡೀ ಸೇವೆ ಮಾಡಿದ ಕೇಪ್‌ಟೌನಿನ 'ಡಿಸ್ಟ್ರಿಕ್ಟ್ ಸಿಕ್ಸ್' ಬಡಾವಣೆಯನ್ನು 1966ರಲ್ಲಿ ಬಿಳಿಯರ ಪ್ರದೇಶ ಎಂದು ಘೋಷಿಸಿ, ಅಲ್ಲಿಯ 60,000 ಜನರನ್ನು ಎಬ್ಬಿಸಿ ಮನೆಗಳನ್ನು ಬುಲ್‌ಡೋಜರ್‌ಗಳಿಂದ ಕೆಡವಿದರು. ಅಂಗಡಿಯವನ ಬದುಕಿಗೂ ಯುದ್ಧದ ನಿರ್ಧಾರಕ್ಕೂ ಏನು ಸಂಬಂಧ ಎಂದು ಕೇಳಿದ ವಿದ್ಯಾರ್ಥಿಗೆ ಇದು ನನ್ನ ಉತ್ತರ. ಆ ಬಡಾವಣೆಯಲ್ಲಿ ಅಂಗಡಿಗಳೂ ಇದ್ದವು.

ನಮಗೇನು ಪಾಠ?

1939ರ ಮತದಾನ ಒಂದರಿಂದಲೇ ವರ್ಣಭೇದ ನೀತಿ ಬಂತು ಎಂದು ನಾನು ಹೇಳುತ್ತಿಲ್ಲ. ಬೀಜಗಳು ಮೊದಲೇ ಬಿದ್ದಿದ್ದವು. ಸ್ಮಟ್ಸ್ ಕೂಡ ಸಮಾನತೆಯ ಪಕ್ಷಪಾತಿಯಲ್ಲ. ಯುದ್ಧದ ನಿರ್ಧಾರ ಮಾಡಿದ್ದು ಇಷ್ಟು: ಮಧ್ಯಮ ಮಾರ್ಗದವರಿಗೆ ನಿಲ್ಲಲು ನೆಲವಿಲ್ಲದಂತೆ ಮಾಡಿತು, ಹಳೆಯ ಗಾಯವನ್ನು ಮತ್ತೆ ಕೆರೆಯಿತು, ಗಾಯದ ರಾಜಕಾರಣ ಮಾಡುವವರಿಗೆ ದಾರಿ ತೆರೆಯಿತು.

ಮೊದಲನೆಯ ಪಾಠ: ಹೊರಗಿನ ಅನ್ಯಾಯದ ವಿರುದ್ಧ ನಿಂತದ್ದು ಸರಿಯಾಗಿದ್ದರೂ ಅದು ಮನೆಯೊಳಗಿನ ಅನ್ಯಾಯಕ್ಕೆ ಮಾಫಿ ಅಲ್ಲ. ಹಿಟ್ಲರನ ವಿಷಯದಲ್ಲಿ ಸ್ಮಟ್ಸ್ ಸರಿ, ಹರ್ಟ್‌ಜೋಗ್ ತಪ್ಪು. ಆದರೆ ತಮ್ಮ ಪರವಾಗಿ ಪ್ರಾಣ ಕೊಟ್ಟ ಕಪ್ಪು ಜನರಿಗೆ ಹಕ್ಕು ಕೊಡದೆ ಸ್ಮಟ್ಸ್ ತಮ್ಮ ಬೆಂಬಲಕ್ಕೆ ನಿಲ್ಲಬಹುದಾಗಿದ್ದ ಲಕ್ಷಾಂತರ ಜನರನ್ನು ಮತಗಟ್ಟೆಯ ಹೊರಗೇ ನಿಲ್ಲಿಸಿದರು.

ಎರಡನೆಯ ಪಾಠ: ನಿಷ್ಠೆಯನ್ನು ತೋರಿಸಿದರೆ ಹಕ್ಕು ತಾನಾಗಿ ಬರುತ್ತದೆ ಎಂದು ಕಾಯುತ್ತ ಕೂರಬಾರದು. ಹಕ್ಕು ಕೇಳಬೇಕು, ಜೊತೆಗೂಡಿ ಕೇಳಬೇಕು. 1947ರ ಮಾರ್ಚ್ 9ರಂದು ಮೂವರು ವೈದ್ಯರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆಫ್ರಿಕನ್ ಕಾಂಗ್ರೆಸ್ಸಿನ ಡಾ. ಝುಮಾ, ನೇಟಾಲ್ ಭಾರತೀಯರ ಡಾ. ನಾಯ್ಕರ್, ಟ್ರಾನ್ಸ್‌ವಾಲ್ ಭಾರತೀಯರ ಡಾ. ಯೂಸುಫ್ ದಾದೂ. ದಾದೂ ನಮ್ಮ ಅಲಿಗಢದಲ್ಲಿ ಓದಿದವರು. ಭಾರತೀಯರ ಹೋರಾಟ ಬೇರೆ, ಆಫ್ರಿಕನ್ನರ ಹೋರಾಟ ಬೇರೆ ಎಂಬ ಗೋಡೆ ಅಂದು ಒಡೆಯಿತು. 1952ರ ಅಸಹಕಾರ ಚಳವಳಿಯಲ್ಲಿ ಮಂಡೇಲಾ ಸ್ವಯಂಸೇವಕರ ಮುಖ್ಯಸ್ಥರಾದಾಗ ಅವರಿಗೆ ಸಹಾಯಕರಾಗಿ ನಿಂತವರು ಮೌಲ್ವಿ ಕಚಾಲಿಯಾ.

ಮೂರನೆಯ ಪಾಠ ಸಂಘದ ಹಿರಿಯರಿಗೂ, ನನಗೂ ಸೇರಿದ್ದು. ಆ ಬೋಯರರ ಸಹಾಯ ನಿಧಿಯನ್ನು ನೆನಪಿಸಿಕೊಳ್ಳಿ. ನೊಂದ ಸಮುದಾಯ ಒಟ್ಟಾಗಿ ಹಣ ಕೂಡಿಸಿ ಮಕ್ಕಳನ್ನು ಓದಿಸಿದ್ದು ಮೆಚ್ಚತಕ್ಕ ಕೆಲಸ. ನಾವು ಮಾಡುತ್ತಿರುವುದೂ ಅದನ್ನೇ. ಆದರೆ ಆ ಓದು ಅವರಿಗೆ ಏನು ಕಲಿಸಿತು? ತಮ್ಮ ನೋವನ್ನು ನೆನಪಿಡಲು ಕಲಿಸಿತು, ಪಕ್ಕದವನ ನೋವನ್ನು ಕಾಣಲು ಕಲಿಸಲಿಲ್ಲ. ಶಿಬಿರದಲ್ಲಿ ಮಕ್ಕಳನ್ನು ಕಳೆದುಕೊಂಡವರ ಮೊಮ್ಮಕ್ಕಳು ಇತರರ ಮಕ್ಕಳನ್ನು ಮನೆಯಿಂದ ಹೊರಹಾಕಿದರು. ವಿದ್ಯಾರ್ಥಿವೇತನ ಕೊಡುವಾಗ, ಶಾಲೆ ಕಟ್ಟುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮ ಮಕ್ಕಳು ಮುಂದೆ ಬರಬೇಕು, ನಿಜ. ಮುಂದೆ ಬಂದವರು ಹಿಂದೆ ಉಳಿದ ಬೇರೆಯವರಿಗೂ ಕೈ ಕೊಡುತ್ತಾರೆಯೇ?

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. 1946ರಲ್ಲಿ ಆ ಭೂಮಿಯ ಕಾನೂನಿನ ವಿರುದ್ಧ ಭಾರತೀಯರು ಸತ್ಯಾಗ್ರಹ ಹೂಡಿದಾಗ ಅಹ್ಮದ್ ಕತ್ರಾಡಾ ಎಂಬ ಹದಿನೇಳು ವರ್ಷದ ಹುಡುಗ ಶಾಲೆ ಬಿಟ್ಟು ಚಳವಳಿ ಸೇರಿದ, ಜೈಲಿಗೂ ಹೋದ. 1964ರಲ್ಲಿ ಮಂಡೇಲಾ ಜೊತೆ ಅವರಿಗೂ ಜೀವಾವಧಿ ಶಿಕ್ಷೆಯಾಯಿತು. 1989ರಲ್ಲಿ ಬಿಡುಗಡೆಯಾಗುವವರೆಗೆ ಜೈಲಿನ ಒಳಗಿಂದಲೇ ಓದಿ ವಿಶ್ವವಿದ್ಯಾಲಯದ ನಾಲ್ಕು ಪದವಿಗಳನ್ನು ಪಡೆದರು. 1994ರಲ್ಲಿ ಎಲ್ಲರೂ ಮತ ಹಾಕಿದ ಮೊದಲ ಚುನಾವಣೆಯಲ್ಲಿ ಗೆದ್ದು ಪಾರ್ಲಿಮೆಂಟಿನ ಸದಸ್ಯರಾದರು. 2017ರಲ್ಲಿ ತೀರಿಕೊಂಡರು. ಶಾಲೆ ಬಿಡಿ ಎಂದು ನಾನು ನಿಮಗೆ ಹೇಳುತ್ತಿಲ್ಲ, ನಿಮ್ಮ ತಂದೆ ತಾಯಿ ಗಾಬರಿಯಾಗಬೇಡಿ! ಶಾಲೆ ಬಿಟ್ಟ ಆ ಹುಡುಗನೇ ಓದನ್ನು ಬಿಡಲಿಲ್ಲ ಎಂಬುದನ್ನು ಹೇಳುತ್ತಿದ್ದೇನೆ.

ನಾಳೆ ಪತ್ರಿಕೆಯಲ್ಲಿ ಎಲ್ಲೋ ಒಂದು ದೇಶ ಯಾರದೋ ಪರವಾಗಿ ಯುದ್ಧಕ್ಕಿಳಿಯಿತು ಎಂಬ ಸುದ್ದಿ ಓದಿದಾಗ ಪುಟ ತಿರುಗಿಸಿಬಿಡಬೇಡಿ. ಆ ದೇಶದೊಳಗೆ ಯಾರನ್ನು ಕೇಳಿ ಈ ನಿರ್ಧಾರ ಮಾಡಿದರು, ಯಾರನ್ನು ಕೇಳಲಿಲ್ಲ, ಯುದ್ಧ ಮುಗಿದ ಮೇಲೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿ. ಈ ಮೂರು ಪ್ರಶ್ನೆ ಕೇಳುವ ಅಭ್ಯಾಸ ನಿಮ್ಮಲ್ಲಿ ಬೆಳೆದರೆ ಇಂದಿನ ನನ್ನ ಮಾತು ವ್ಯರ್ಥವಾಗಲಿಲ್ಲ ಎಂದು ತಿಳಿಯುತ್ತೇನೆ.